ಮಡಚುವ ಚಾಕುಗಳ ಸಂಗ್ರಹ: ಮೊದಲು ಯಾವ ಐದು?

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮಡಚುವ ಚಾಕುಗಳ ಒಂದು ಸಣ್ಣ ಸಂಗ್ರಹ ಮಾಡಬೇಕು ಅಂತ ಬಹಳ ದಿನದ ಆಸೆ. ಈಗ ಇರುವುದು ಎರಡು. ಮಾವ ತಂದುಕೊಟ್ಟ ಕೆಂಪು ಹಿಡಿಯ ಸ್ವಿಸ್ ಚಾಕು ಒಂದು. ಹಾರ್ಡ್‌ವೇರ್ ಅಂಗಡಿಯಲ್ಲಿ ತಗೊಂಡ, ಹೆಸರಿಲ್ಲದ ಹಿತ್ತಾಳೆ ಹಿಡಿಯದು ಇನ್ನೊಂದು.

ಆನ್‌ಲೈನ್‌ನಲ್ಲಿ ನೋಡಿದರೆ ನೂರಾರು ಇವೆ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುತ್ತಾರೆ. ನನಗೆ ಐದು ಸಾಕು, ಆದರೆ ಆ ಐದೂ ಇರಲೇಬೇಕಾದವು ಆಗಿರಬೇಕು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಸುಮ್ನೆ ನೋಡುವ ಇರಾದೆ ಇಲ್ಲ. ಹಣ್ಣು ಹೆಚ್ಚಬೇಕು, ಹಗ್ಗ ಕೊಯ್ಯಬೇಕು, ಪಾರ್ಸೆಲ್ ಬಿಚ್ಚಬೇಕು. ಸಂಬಳದಲ್ಲಿ ಉಳಿಸಿ ಒಂದೊಂದೇ ತಗೊಳ್ಳುವವನು ನಾನು. ಯಾವುದರಿಂದ ಶುರು ಮಾಡಲಿ?

ದುರ್ಗದ ಬಂಡೆ (ಚಿತ್ರದುರ್ಗ)

ತಮ್ಮಾ, ಕಂಪನಿ ಹೆಸರು ಹಿಡಿದು ಹೊರಟರೆ ಐವತ್ತು ತಗೊಂಡರೂ ಸಾಲುವುದಿಲ್ಲ. ಒಂದೇ ಪ್ರಶ್ನೆ ಇಟ್ಟುಕೋ. ಬಿಚ್ಚಿದ ಅಲಗು ಮತ್ತೆ ಮಡಚಿಕೊಳ್ಳದೆ ನಿಲ್ಲುವುದು ಹೇಗೆ? ಮಡಚುವ ಚಾಕುವಿನ ಜಾಣತನವೆಲ್ಲ ಅಲ್ಲೇ ಇದೆ. ಈ ಪ್ರಶ್ನೆಗೆ ಒಂದೊಂದು ದೇಶದ ಜನ ಒಂದೊಂದು ದಾರಿ ಕಂಡುಕೊಂಡರು. ಪ್ರತಿ ದಾರಿಗೂ ಒಂದು ಚಾಕು ಇಟ್ಟುಕೊಂಡರೆ ನಿನ್ನ ಐದು ಸಿಕ್ಕಂತೆ.

ಎಲ್ಲಕ್ಕಿಂತ ಸರಳವಾದದ್ದು ಜಪಾನಿನ ಹಿಗೊನೊಕಾಮಿ. ಹ್ಯೋಗೊ ಪ್ರಾಂತ್ಯದ ಮಿಕಿ ಊರಿನದು. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಹಿತ್ತಾಳೆ ತಗಡು ಮಡಿಸಿದ ಹಿಡಿ, ಒಂದು ರಿವೆಟ್, ಒಂದು ಅಲಗು, ಅಷ್ಟೇ. ಅಲಗಿನ ಬುಡದಲ್ಲಿ ಪುಟ್ಟ ಬಾಲ ಚಾಚಿಕೊಂಡಿರುತ್ತದೆ. ಹಿಡಿದಾಗ ಹೆಬ್ಬೆರಳು ಅದರ ಮೇಲೆ ಕೂರುತ್ತದೆ. ಬೆರಳಿನ ಒತ್ತೇ ಲಾಕು. ಹಿಂದೆ ಅಲ್ಲಿನ ಶಾಲೆ ಮಕ್ಕಳು ಪೆನ್ಸಿಲ್ ಹೆರೆಯುತ್ತಿದ್ದದ್ದು ಇದರಲ್ಲಿ.

ಎರಡನೆಯದು ನಿನ್ನ ಹತ್ತಿರ ಆಗಲೇ ಇದೆ. ಸ್ವಿಟ್ಜರ್ಲೆಂಡಿನ ಇಬಾಕ್‌ನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಯಾಗಾರ ತೆರೆದರು. 1891ರಲ್ಲಿ ಸೈನ್ಯಕ್ಕೆ ಚಾಕು ಕೊಟ್ಟರು. 1897ರಲ್ಲಿ ಬಂದದ್ದು ಆಫೀಸರ್ ಚಾಕು. ಅದರಲ್ಲಿ ಹಿಡಿಯ ಬೆನ್ನಿಗಿರುವ ಸ್ಪ್ರಿಂಗ್ ಪಟ್ಟಿ ಎರಡೂ ಬದಿಯ ಸಾಮಾನುಗಳನ್ನು ಒತ್ತಿ ಹಿಡಿಯುತ್ತದೆ. ಒಂದೇ ಪಟ್ಟಿಗೆ ಎರಡು ಕೆಲಸ. ಹಾಗಾಗಿಯೇ ಅಷ್ಟು ತೆಳ್ಳಗಿನ ಹಿಡಿಯಲ್ಲಿ ಅಷ್ಟೊಂದು ಸಾಮಾನು ಹಿಡಿಸಿತು. ಈ ಜಾತಿಯ ಚಾಕುವಿಗೆ ಸ್ಲಿಪ್‌ಜಾಯಿಂಟ್ ಅನ್ನುತ್ತಾರೆ. ಇದು ಕೊಯ್ಯುವುದಕ್ಕೆ ಮಾತ್ರ, ಚುಚ್ಚುವುದಕ್ಕಲ್ಲ. ಚುಚ್ಚುವಾಗ ಅಲಗು ಬೆರಳಿನ ಮೇಲೆ ಮಡಚಿಕೊಳ್ಳಬಹುದು.

ಮೂರನೆಯದು ಫ್ರಾನ್ಸಿನ ಒಪಿನೆಲ್. ಸವಾಯ್ ಬೆಟ್ಟಸೀಮೆಯ ರೈತರ ಚಾಕು. ಜೋಸೆಫ್ ಒಪಿನೆಲ್ ಮಾಡಲು ಶುರು ಮಾಡಿದ್ದು 1890ರಲ್ಲಿ. ಮರದ ಹಿಡಿ, ಹಿಡಿಯ ಕುತ್ತಿಗೆಗೆ ಒಂದು ಉಕ್ಕಿನ ಬಳೆ. ಬಳೆ ತಿರುಗಿಸಿದರೆ ಅಲಗು ಕದಲುವುದಿಲ್ಲ. ಆ ಬಳೆ ಸೇರಿದ್ದು 1955ರಲ್ಲಿ. ಅಳತೆಗೆ ನಂಬರ್ ಇದೆ. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್. ನನ್ನ ಪ್ರಕಾರ ನೀನು ಮೊದಲು ದುಡ್ಡು ಹಾಕಬೇಕಾದ್ದು ಇದಕ್ಕೆ. ಅಲಗು ತೆಳ್ಳಗಿದೆ. ಸೀಬೆಹಣ್ಣು, ಸೌತೆಕಾಯಿ ಹೆಚ್ಚಿ ನೋಡು, ದಪ್ಪ ಅಲಗಿನ ದುಬಾರಿ ಚಾಕು ಯಾವುದೂ ಇದರ ಹತ್ತಿರ ಬರುವುದಿಲ್ಲ.

ನಾಲ್ಕನೆಯದು ಅಮೆರಿಕದ ಬಕ್ 110. 1964ರಿಂದ ಬರುತ್ತಿದೆ. ಬೆನ್ನಿನಲ್ಲಿ ತಕ್ಕಡಿ ದಂಡಿಯ ಹಾಗೆ ಆಡುವ ಒಂದು ಪಟ್ಟಿ. ಅದರ ಒಂದು ತುದಿ ಅಲಗಿನ ಬುಡದ ಕಚ್ಚಿನಲ್ಲಿ ಕೂರುತ್ತದೆ, ಇನ್ನೊಂದು ತುದಿ ಒತ್ತಿದರೆ ಬಿಡುತ್ತದೆ. ಹಿಡಿಯ ಎರಡೂ ತುದಿಗೆ ಹಿತ್ತಾಳೆ, ನಡುವೆ ಮರ. ತೂಕ ಸುಮಾರು 200 ಗ್ರಾಂ, ಜೇಬಿಗೆ ಭಾರ. ಆದರೆ ಅದು ಬಿಚ್ಚಿಕೊಂಡಾಗ ಬರುವ ‘ಟಕ್’ ಸದ್ದನ್ನು ಒಮ್ಮೆ ಕೇಳಬೇಕು.

ಐದನೆಯದು ಲೈನರ್ ಲಾಕ್ ಅಥವಾ ಫ್ರೇಮ್ ಲಾಕ್. ಅದರ ಬಗ್ಗೆ ಹರಿಹರದ ಅಣ್ಣ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಲೇತ್ ಮೇಸ್ತ್ರಿ (ಹರಿಹರ)

ಬಂಡೆಯವರೇ, ಕರೆದಿದ್ದಕ್ಕೆ ಬಂದೆ. ಲೈನರ್ ಲಾಕ್ ಅಂದರೆ ಹಿಡಿಯ ಒಳಗಿನ ತಗಡನ್ನೇ ಒಂದು ಕಡೆ ಸೀಳಿ, ಸ್ವಲ್ಪ ಒಳಕ್ಕೆ ಬಗ್ಗಿಸಿರುತ್ತಾರೆ. ಅಲಗು ಪೂರ್ತಿ ಬಿಚ್ಚಿದ ಕೂಡಲೇ ಆ ತಗಡು ಒಳಗೆ ಜರುಗಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಹೆಬ್ಬೆರಳಿನಲ್ಲಿ ಪಕ್ಕಕ್ಕೆ ತಳ್ಳಿದರೆ ಮಡಚಬಹುದು. ಇದನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಮೈಕೆಲ್ ವಾಕರ್, 1980ರ ದಶಕದಲ್ಲಿ. ಬೇರೆ ತಗಡು ಇಲ್ಲದೆ ಹಿಡಿಯ ಒಂದು ಭಾಗವೇ ಲಾಕ್ ಆದರೆ ಅದು ಫ್ರೇಮ್ ಲಾಕ್. ಅದನ್ನು ಹೆಸರು ಮಾಡಿಸಿದ್ದು ಚಾಕು ತಯಾರಕ ಕ್ರಿಸ್ ರೀವ್ ಅವರ ಸೆಬೆನ್ಜಾ ಚಾಕು.

ತಗೊಳ್ಳುವಾಗ ನೋಡಬೇಕಾದ ಜಾಗ ಒಂದೇ. ಅಲಗು ಬಿಚ್ಚಿ, ಬೆಳಕಿಗೆ ಹಿಡಿದು ಆ ತಗಡಿನ ತುದಿ ಎಲ್ಲಿ ನಿಂತಿದೆ ನೋಡಿ. ಅಲಗಿನ ಬುಡದ ಅಗಲದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬಂದಿದ್ದರೆ ಸರಿ. ಅಂಚಿನಲ್ಲಿ ಹಾಗೂ ಹೀಗೂ ಕಚ್ಚಿಕೊಂಡಿದ್ದರೆ ಬೇಡ. ಪೂರ್ತಿ ಆಚೆ ಬದಿಗೆ ಹೋಗಿ ನಿಂತಿದ್ದರೆ ಸವೆದಿದೆ ಅಂತ ಅರ್ಥ. ಆಮೇಲೆ ಅಲಗಿನ ಮೊನೆಯ ಹತ್ತಿರ ಎರಡು ಬೆರಳಿನಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಆಟ ಇರಬಾರದು. ಮಡಚಿದಾಗ ಅಲಗು ನಡುವೆ ಕೂರಬೇಕು, ಒಂದು ಪಕ್ಕಕ್ಕೆ ಉಜ್ಜಬಾರದು. ಕಲ್ಲಿಗೋ ಮೇಜಿಗೋ ಅಲಗಿನ ಬೆನ್ನು ಬಡಿದು ಲಾಕ್ ಪರೀಕ್ಷೆ ಮಾಡುವ ವಿಡಿಯೋ ನೋಡಿ ಯಾರೂ ಹಾಗೆ ಮಾಡಬೇಡಿ. ಗಟ್ಟಿ ಇದ್ದ ಲಾಕೂ ಅದರಿಂದ ಕೆಡುತ್ತದೆ.

ಉಕ್ಕಿನ ಬಗ್ಗೆಯೂ ಹೇಳುತ್ತೇನೆ, ಇಲ್ಲಿ ಗೊಂದಲ ಜಾಸ್ತಿ. ಕಡಿಮೆ ಬೆಲೆಯ ಚಾಕುಗಳ ಮೇಲೆ ‘ಡಿ2’ ಅಂತ ಕೊರೆದಿರುತ್ತದೆ. ನಮ್ಮ ಟೂಲ್ ರೂಮಿನಲ್ಲಿ ಡೈ, ಪಂಚ್ ಮಾಡುವ ಉಕ್ಕು ಅದು. ಕ್ರೋಮಿಯಂ ಸುಮಾರು 12 ಪರ್ಸೆಂಟ್, ಆದರೂ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಬೆವರಿದ ಜೇಬಿನಲ್ಲಿ ಬಿಟ್ಟರೆ ಚುಕ್ಕೆ ಬೀಳುತ್ತದೆ. ಹರಿತ ಬಹಳ ದಿನ ನಿಲ್ಲುತ್ತದೆ, ಮತ್ತೆ ಸಾಣೆ ಹಿಡಿಯುವುದು ಕಷ್ಟ. ಸ್ವಿಸ್ ಚಾಕುವಿನ ಉಕ್ಕು ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಸುಮಾರು 56. ಮೆತ್ತಗಿನದು, ಬೇಗ ಮೊಂಡಾಗುತ್ತದೆ, ಆದರೆ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಸರಿಹೋಗುತ್ತದೆ. ಕೊನೆಗೆ ಉಕ್ಕಿನ ಹೆಸರಿಗಿಂತ ಹದ ದೊಡ್ಡದು. ಒಂದೇ ಉಕ್ಕನ್ನು ಒಬ್ಬರು ಚೆನ್ನಾಗಿ ಹದ ಮಾಡುತ್ತಾರೆ, ಇನ್ನೊಬ್ಬರು ಸುಟ್ಟು ಹಾಕುತ್ತಾರೆ. ಹೆಸರು ಎರಡರ ಮೇಲೂ ಒಂದೇ ಇರುತ್ತದೆ.

ಚೊಗರು (ಚನ್ನಗಿರಿ)

ಒಪಿನೆಲ್ ವಿಷಯದಲ್ಲಿ ಒಂದು ಸೇರಿಸುತ್ತೇನೆ. ಅದರ ಅಲಗು ಎರಡು ಬಗೆಯಲ್ಲಿ ಬರುತ್ತದೆ, ಸ್ಟೇನ್‌ಲೆಸ್ ಉಕ್ಕು ಮತ್ತು ಕಾರ್ಬನ್ ಉಕ್ಕು. ದಯವಿಟ್ಟು ಕಾರ್ಬನ್ ತಗೊಳ್ಳಿ.

ನಮ್ಮದು ಅಡಿಕೆ ತೋಟ. ಹಸಿ ಅಡಿಕೆ ಕೊಯ್ದ ಕಾರ್ಬನ್ ಅಲಗನ್ನು ಒರೆಸದೆ ಬಿಟ್ಟರೆ ನೋಡನೋಡುತ್ತಲೇ ನೀಲಿ ತಿರುಗಿ ಕಪ್ಪಾಗುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ಇದು ತುಕ್ಕಲ್ಲ. ಕೆಂಪಗೆ ಪುಡಿ ಉದುರುವುದು ತುಕ್ಕು, ಅದು ಅಲಗನ್ನು ತಿನ್ನುತ್ತದೆ. ಕಪ್ಪು ಪೊರೆ ಹಾಗಲ್ಲ, ಅದು ಕೂತ ಮೇಲೆ ತುಕ್ಕು ಹಿಡಿಯುವುದೇ ಕಡಿಮೆ. ತೋಟ ಇಲ್ಲದವರು ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ಅಲಗನ್ನು ಒಂದೆರಡು ಗಂಟೆ ಅದ್ದಿಟ್ಟರೂ ಬಣ್ಣ ಕೂರುತ್ತದೆ. ಹಿಡಿ ಮಾತ್ರ ನೀರಿಗೆ ತಾಗಬಾರದು.

ಒಬ್ಬೊಬ್ಬರ ಚಾಕು ಒಂದೊಂದು ಬಣ್ಣಕ್ಕೆ ತಿರುಗುತ್ತದೆ. ಮಾವು ಕೊಯ್ದವರದು ಬೇರೆ, ಈರುಳ್ಳಿ ಹೆಚ್ಚಿದವರದು ಬೇರೆ. ಸಂಗ್ರಹ ಅಂದರೆ ನನಗೆ ಇದೇ ಮುಖ್ಯ. ಅಂಗಡಿಯಲ್ಲಿ ಸಿಗದ ಒಂದು ಗುರುತು ಅದರ ಮೇಲೆ ಬಿದ್ದಿರಬೇಕು.

ಶೇಂಗಾ ಹೊಲ (ಚಳ್ಳಕೆರೆ)

ನಾನು ಇಲ್ಲಿ ಹೊಸಬಳು. ಎಲ್ಲರೂ ದೊಡ್ಡ ಚಾಕುಗಳ ಬಗ್ಗೆಯೇ ಹೇಳುತ್ತಿದ್ದೀರಿ. ನನ್ನ ಕೈ ಚಿಕ್ಕದು. ಕೆಲವು ಸ್ವಿಸ್ ಚಾಕುಗಳ ಅಲಗು ಎಳೆಯಲು ಉಗುರೇ ಕಿತ್ತು ಬರುವಷ್ಟು ಬಿಗಿ. ವ್ಯಾನಿಟಿ ಬ್ಯಾಗಿನಲ್ಲಿ ಇಡುವಂಥದ್ದು ಯಾವುದು? ಇನ್ನೊಂದು, ಮರದ ಹಿಡಿ ಮಳೆಗಾಲದಲ್ಲಿ ಉಬ್ಬುವುದಿಲ್ವಾ?

ದುರ್ಗದ ಬಂಡೆ (ಚಿತ್ರದುರ್ಗ)

ಅಕ್ಕಾ, ನಿಮಗೆ ಕ್ಲಾಸಿಕ್ ಅನ್ನುವ ಪುಟ್ಟ ಸ್ವಿಸ್ ಚಾಕು ಸರಿಹೋಗುತ್ತದೆ. ಮಡಚಿದರೆ 58 ಮಿಲಿಮೀಟರ್. ಸಣ್ಣ ಅಲಗು, ಕತ್ತರಿ, ಉಗುರು ಉಜ್ಜುವ ಅರ, ಹಲ್ಲುಕಡ್ಡಿ, ಚಿಮುಟ. ಕತ್ತರಿ ಒಂದಕ್ಕೇ ಕೊಟ್ಟ ದುಡ್ಡು ಬರುತ್ತದೆ. ಅಲಗು ಸುಲಭವಾಗಿ ತೆರೆಯುತ್ತದೆ.

ಮರದ ಹಿಡಿ ಉಬ್ಬುವುದು ನಿಜ. ಉಬ್ಬಿದರೆ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಸವಾಯ್ ಜನರಿಗೂ ಇದೇ ತೊಂದರೆ ಇತ್ತು. ಅವರ ಉಪಾಯ ಇದು: ಬಳೆಯ ಬೀಗ ತೆಗೆದು, ಹಿಡಿಯ ಹಿಂಬದಿ ತುದಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟಿದರೆ ಅಲಗು ತಾನೇ ಸ್ವಲ್ಪ ಹೊರಬರುತ್ತದೆ. ನಮ್ಮ ದುರ್ಗ, ಚಳ್ಳಕೆರೆ ಬಯಲಿನಲ್ಲಿ ಗಾಳಿ ಒಣ, ಅಷ್ಟು ತೊಂದರೆ ಆಗುವುದಿಲ್ಲ. ಚನ್ನಗಿರಿ ತೋಟದವರು ಹಿಡಿಗೆ ಅಗಸೆ ಎಣ್ಣೆ ಕುಡಿಸಿ ಒಣಗಿಸಿಡಿ.

ಡಬ್ಬಲ್ ಎಕ್ಸ್ (ದಾವಣಗೆರೆ)

ಬಂಡೆಯವರ ಮೇಲೆ ಗೌರವ ಇದೆ. ಆದರೆ ‘ಐದು ಬಗೆಯ ಲಾಕು, ಐದು ಚಾಕು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಐದು ದೇಶದ ಐದು ಚಾಕು ಇಟ್ಟರೆ ಮಾದರಿ ಪೆಟ್ಟಿಗೆ ಆಗುತ್ತದೆ, ಸಂಗ್ರಹ ಆಗುವುದಿಲ್ಲ. ಒಬ್ಬ ತಯಾರಕನನ್ನು ಹಿಡಿದು ಆಳಕ್ಕೆ ಇಳಿಯಬೇಕು.

ನಾನು ಹಿಡಿದದ್ದು ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಿನ ಕೇಸ್ ಚಾಕುಗಳನ್ನು. ಅಲಗಿನ ಬುಡದಲ್ಲಿ ಒಂದು ಸಂಖ್ಯೆ ಇರುತ್ತದೆ. 6254 ಅಂತಿದ್ದರೆ ಮೊದಲ 6 ಮೂಳೆಯ ಹಿಡಿ, 2 ಅಂದರೆ ಎರಡು ಅಲಗು, 54 ಅಂದರೆ ಟ್ರ್ಯಾಪರ್ ಮಾದರಿ. 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕೆ ಹಾಕಿದರು. ಆಮೇಲೆ ವರ್ಷಕ್ಕೊಂದು ಚುಕ್ಕೆ ತೆಗೆಯುತ್ತಾ ಬಂದರು. ಏಳು ಚುಕ್ಕೆ ಕಂಡರೆ 1973ರ ಚಾಕು. ಬಕ್ 110 ಮೇಲೂ 1986ರಿಂದ ವರ್ಷಕ್ಕೊಂದು ಗುರುತು ಇದೆ. ನಿಮ್ಮ ತಂದೆ ಹುಟ್ಟಿದ ವರ್ಷದ್ದು, ಮದುವೆ ವರ್ಷದ್ದು ಅಂತ ಹುಡುಕಿ ತೆಗೆಯಬಹುದು. ಆ ಹುಡುಕಾಟದ ಸುಖವೇ ಬೇರೆ.

ದುರ್ಗದ ಬಂಡೆ (ಚಿತ್ರದುರ್ಗ)

ಒಳ್ಳೆಯ ಮಾತು. ಆದರೆ ಮಂಡಕ್ಕಿ ಮಿರ್ಚಿಗೆ ತನ್ನ ಕೈಗೆ ಯಾವುದು ಒಗ್ಗುತ್ತದೆ ಅಂತ ಇನ್ನೂ ಗೊತ್ತಿಲ್ಲ. ಐದು ಬಗೆ ಬಳಸಿ ನೋಡಿದ ಮೇಲೆ ಒಂದರ ಆಳಕ್ಕೆ ಇಳಿಯಲಿ. ಮೊದಲೇ ಇಳಿದರೆ, ಇಷ್ಟವಿಲ್ಲದ ಮಾದರಿಯ ಹತ್ತು ಚಾಕು ಡ್ರಾಯರ್‌ನಲ್ಲಿ ಉಳಿದುಬಿಡುತ್ತವೆ.

ದಾಳಿಂಬೆ ಗೂಟಿ (ಹೊಸದುರ್ಗ)

ಇಷ್ಟು ಹೊತ್ತು ಓದಿದೆ. ನಮ್ಮ ಊರಿನ ಮಡಚುವ ಚಾಕುವನ್ನು ಯಾರೂ ಹೆಸರಿಸಲೇ ಇಲ್ಲ. ಕಸಿ ಚಾಕು! ಗೊಬ್ಬರ, ಬೀಜದ ಅಂಗಡಿಯಲ್ಲಿ ಸಿಗುತ್ತದೆ. ಸಂಗ್ರಹದಲ್ಲಿ ಅದಿಲ್ಲದಿದ್ದರೆ ನನ್ನ ಲೆಕ್ಕದಲ್ಲಿ ಆ ಸಂಗ್ರಹಕ್ಕೆ ಒಂದು ಕೈ ಇಲ್ಲ.

ಅದರ ಅಲಗನ್ನು ಹತ್ತಿರದಿಂದ ನೋಡಿ. ಒಂದೇ ಕಡೆ ಇಳಿಜಾರು ಇರುತ್ತದೆ, ಇನ್ನೊಂದು ಕಡೆ ಚಪ್ಪಟೆ. ಹಾಗಿದ್ದರೆ ಮಾತ್ರ ಕಸಿ ಕಡ್ಡಿಯ ಕೊಯ್ತ ಸಪಾಟಾಗಿ ಬರುತ್ತದೆ, ಬೇರು ಗಿಡದ ಕೊಯ್ತದ ಜೊತೆ ಸಂದಿಲ್ಲದೆ ಕೂರುತ್ತದೆ. ಎರಡೂ ಕಡೆ ಇಳಿಜಾರಿರುವ ಮಾಮೂಲಿ ಚಾಕು ಅಲೆಅಲೆಯಾಗಿ ಕೊಯ್ಯುತ್ತದೆ. ಕೆಲವದರಲ್ಲಿ ಹಿಡಿಯ ತುದಿಗೆ ಹಿತ್ತಾಳೆಯ ನಾಲಿಗೆ ಇರುತ್ತದೆ, ಅದು ತೊಗಟೆ ಎಬ್ಬಿಸುವುದಕ್ಕೆ. ದಾಳಿಂಬೆಗೆ ಗೂಟಿ ಕಟ್ಟುವಾಗ, ಅಂದರೆ ಕೊಂಬೆಗೆ ಗಿಡದಲ್ಲೇ ಬೇರು ಬರಿಸುವಾಗ, ಕೊಂಬೆಯ ಸುತ್ತ ತೊಗಟೆಯನ್ನು ಉಂಗುರದ ಹಾಗೆ ತೆಗೆಯುತ್ತೇವೆ. ಆಗ ಅಲಗಿನ ಬೆನ್ನಿನಲ್ಲಿ ಲೋಳೆ ಪದರವನ್ನೂ ಕೆರೆದು ತೆಗೆಯಬೇಕು. ಅದು ಉಳಿದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ.

ದಾಳಿಂಬೆ ಬೆಳೆಯುವವರಿಗೆ ಇನ್ನೊಂದು ಮಾತು. ದುಂಡಾಣು ಅಂಗಮಾರಿ ರೋಗ ಗಿಡದಿಂದ ಗಿಡಕ್ಕೆ ಚಾಕು, ಕತ್ತರಿಯ ಮೂಲಕವೂ ಹೋಗುತ್ತದೆ. ಪ್ರತಿ ಗಿಡಕ್ಕೂ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿಯೇ ಮುಂದಕ್ಕೆ ಹೋಗಬೇಕು. ಆ ದ್ರಾವಣ ಕಾರ್ಬನ್ ಅಲಗನ್ನು ಒಂದೇ ದಿನದಲ್ಲಿ ಹಾಳುಮಾಡುತ್ತದೆ. ಸ್ಟೇನ್‌ಲೆಸ್ ಅಲಗನ್ನೂ ಹಾಗೇ ಬಿಟ್ಟರೆ ಗುಳಿ ಬೀಳುತ್ತದೆ. ಸಂಜೆ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿಡಿ. ಚೊಗರು ಅಣ್ಣನ ಕಾರ್ಬನ್ ಪ್ರೀತಿ ಅಡಿಕೆಗೆ ಸರಿ, ನಮ್ಮ ದಾಳಿಂಬೆಗೆ ಆಗುವುದಿಲ್ಲ.

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಕಸಿ ಚಾಕು ನನ್ನ ತಲೆಗೇ ಬಂದಿರಲಿಲ್ಲ! ಖಂಡಿತ ತಗೊಳ್ಳುತ್ತೇನೆ. ಒಂದು ಅನುಮಾನ. ರಾಂಪುರಿ ಚಾಕು ಸಂಗ್ರಹಕ್ಕೆ ಇಡಬಹುದಾ? ನಮ್ಮ ದೇಶದ್ದೇ ಹೆಸರಾಂತ ಮಡಚುವ ಚಾಕು ಅಲ್ವಾ? ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡಿದರೆ ಪೊಲೀಸರು ಹಿಡಿಯುತ್ತಾರಾ?

ಕರಿ ಕೋಟು (ದಾವಣಗೆರೆ)

ವಕೀಲಿ ಮಾಡುವವನು, ಅದಕ್ಕೇ ಇದನ್ನು ಗಮನವಿಟ್ಟು ಓದಿ. ಆಯುಧಗಳ ಕಾಯ್ದೆ 1959ರದು, ಈಗಿನ ನಿಯಮಗಳು 2016ರವು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಪಟ್ಟಿಗೆ ಬರುತ್ತದೆ. ಮನೆಕೆಲಸ, ಕೃಷಿ, ಕೈಗಾರಿಕೆಗೆ ಅಂತಲೇ ಮಾಡಿದವುಗಳಿಗೆ ವಿನಾಯಿತಿ ಇದೆ. ರಾಂಪುರಿ ಬಿಟ್ಟರೆ ಇಲ್ಲಿ ನೀವು ಹೇಳುತ್ತಿರುವ ಚಾಕುಗಳ ಅಲಗು ಅದರ ಅರ್ಧವೂ ಇಲ್ಲ.

ಹಾಗಂತ ಎಲ್ಲಿಗೆ ಬೇಕಾದರೂ ಒಯ್ಯಬಹುದು ಅಂತಲ್ಲ. ಯಾಕೆ ಇಟ್ಟುಕೊಂಡಿದ್ದೀರಿ ಅನ್ನುವುದು ಮುಖ್ಯ. ತೋಟಕ್ಕೆ ಹೋಗುವಾಗ ಕಸಿ ಚಾಕು ಸಹಜ. ರಾತ್ರಿ ಗಲಾಟೆ ನಡೆದ ಜಾಗದಲ್ಲಿ ಅದೇ ಚಾಕು ಜೇಬಿನಲ್ಲಿದ್ದರೆ ಉತ್ತರ ಕೊಡುವುದು ಕಷ್ಟ. ನಿಷೇಧಾಜ್ಞೆ ಇದ್ದಾಗ, ಗಣಪತಿ ಮೆರವಣಿಗೆಗೆ, ಚುನಾವಣೆ ಸಭೆಗೆ, ಕೋರ್ಟಿಗೆ ಮನೆಯಲ್ಲೇ ಬಿಟ್ಟು ಹೋಗಿ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ.

ಹಳೆಯ ರಾಂಪುರಿ 9ರಿಂದ 12 ಇಂಚು ಅಲಗಿನದು. ಅಪರಾಧಗಳಲ್ಲಿ ಬಳಕೆಯಾಗಿ ಉತ್ತರ ಪ್ರದೇಶದಲ್ಲೇ ಅದರ ಮೇಲೆ ನಿರ್ಬಂಧ ಬಂತು. ಗುಂಡಿ ಒತ್ತಿದರೆ ಹಾರಿ ತೆರೆಯುವ ಚಾಕು ಯಾವುದೂ ಬೇಡ. ರಾಂಪುರಿಯ ಕರಕುಶಲತೆಗೆ ಮನಸೋತಿದ್ದರೆ ಓದಿ, ಫೋಟೋ ನೋಡಿ. ಇಷ್ಟು ಒಳ್ಳೆಯ ಹವ್ಯಾಸವನ್ನು ಪೊಲೀಸ್ ಠಾಣೆಗೆ ಎಳೆಯಬೇಡಿ.

ಶೇಂಗಾ ಹೊಲ (ಚಳ್ಳಕೆರೆ)

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಈಳಿಗೆ, ಕುಡುಗೋಲು, ಚಾಕು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚುತ್ತೇವೆ. ಒಳ್ಳೆಯ ಚಾಕುಗಳಿಗೂ ಹಚ್ಚಬಹುದಾ?

ಲೇತ್ ಮೇಸ್ತ್ರಿ (ಹರಿಹರ)

ಹಚ್ಚಲೇಬೇಕಮ್ಮಾ! ಕಾರ್ಖಾನೆಯಲ್ಲಿ ಲೇತಿಗೇ ಹಚ್ಚುತ್ತೇವೆ. ಹಿಡಿಗೆ ಹಚ್ಚಿ, ಅಲಗಿಗೆ ಬೇಡ. ಒದ್ದೆ ಕುಂಕುಮ ಕಾರ್ಬನ್ ಉಕ್ಕಿನ ಮೇಲೆ ರಾತ್ರಿಯೆಲ್ಲ ಇದ್ದರೆ ಬೆಳಗ್ಗೆ ಅದರ ಕೆಳಗೆ ತುಕ್ಕಿನ ಕಲೆ ಇರುತ್ತದೆ. ಕೀಲಿನ ಸಂದಿಗೆ ಇಳಿದರಂತೂ ತೆಗೆಯುವುದು ಕಷ್ಟ. ಪೂಜೆ ಮುಗಿದ ಮಾರನೇ ದಿನ ಒಣ ಬಟ್ಟೆಯಲ್ಲಿ ಒರೆಸಿ, ಕೀಲಿಗೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ. ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಹಳತಾದರೆ ಅಂಟುತ್ತದೆ.

ಬಕ್ ಜೊತೆ ಚರ್ಮದ ಚೀಲ ಬರುತ್ತದೆ. ಹೊರಗೆ ಹೋಗುವಾಗ ಸರಿ. ತಿಂಗಳುಗಟ್ಟಲೆ ಚಾಕುವನ್ನು ಅದರೊಳಗೇ ಬಿಟ್ಟರೆ ಚರ್ಮ ತೇವ ಹಿಡಿದಿಟ್ಟುಕೊಂಡು ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ.

ಮಂಡಕ್ಕಿ ಮಿರ್ಚಿ (ದಾವಣಗೆರೆ)

ತೀರ್ಮಾನ ಮಾಡಿಬಿಟ್ಟೆ. ಮೊದಲು ಕಾರ್ಬನ್ ಒಪಿನೆಲ್ 8, ಅದರ ಜೊತೆಗೇ ಕಸಿ ಚಾಕು. ಆಮೇಲೆ ಹಿಗೊನೊಕಾಮಿ. ಬಕ್ 110ಕ್ಕೆ ದೀಪಾವಳಿ ಬೋನಸ್‌ವರೆಗೂ ಕಾಯಬೇಕು. ಸ್ವಿಸ್ ಹೇಗೂ ಇದೆ. ಲೈನರ್ ಲಾಕ್ ಸದ್ಯಕ್ಕೆ ಬಿಟ್ಟೆ. ಕೊನೆಯ ಪ್ರಶ್ನೆ: ಇವಕ್ಕೆಲ್ಲ ಒಂದೇ ಸಾಣೆಕಲ್ಲು ಸಾಕಾ?

ಲೇತ್ ಮೇಸ್ತ್ರಿ (ಹರಿಹರ)

ಸಾಕು. ಒಂದು ಬದಿ 1000, ಇನ್ನೊಂದು ಬದಿ 3000 ಗ್ರಿಟ್ (ಸಂಖ್ಯೆ ಹೆಚ್ಚಾದಷ್ಟು ಕಲ್ಲು ನಯ) ಇರುವ ನೀರಿನ ಕಲ್ಲು ತಗೊಳ್ಳಿ. ಒಪಿನೆಲ್‌ಗೆ ಪ್ರತಿ ಬದಿ ಸುಮಾರು 15 ಡಿಗ್ರಿ, ಸ್ವಿಸ್ ಮತ್ತು ಬಕ್‌ಗೆ 20ರ ಹತ್ತಿರ. ಅಳೆಯುವುದು ಹೀಗೆ: ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ 90. ಅರ್ಧ ಮಲಗಿಸಿದರೆ 45. ಅದರ ಅರ್ಧ ಇಪ್ಪತ್ತೆರಡೂವರೆ. ಅದಕ್ಕಿಂತ ಒಂಚೂರು ಮಲಗಿಸಿದರೆ 20, ಇನ್ನೂ ಒಂಚೂರು ಮಲಗಿಸಿದರೆ 15. ಒಂದು ಬದಿ ಉಜ್ಜುತ್ತಾ ಹೋಗಿ. ಆಚೆ ಬದಿಯ ಅಂಚಿಗೆ ಬೆರಳಿನ ತುದಿಯನ್ನು ಅಡ್ಡಡ್ಡ ಸವರಿದಾಗ ತೆಳ್ಳನೆ ಜಿಗುರು, ಅಂದರೆ ಉಜ್ಜಿದಾಗ ಆಚೆ ಬದಿಗೆ ಬಾಗಿದ ಉಕ್ಕಿನ ಎಳೆ, ತಗುಲಬೇಕು. ಬುಡದಿಂದ ಮೊನೆವರೆಗೂ ಅದು ಸಿಕ್ಕಿದ ಮೇಲೆಯೇ ಬದಿ ಬದಲಿಸಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಅಲಗನ್ನು ಹಿಮ್ಮುಖವಾಗಿ ಎಳೆಯಿರಿ, ಉಳಿದ ಜಿಗುರು ಹೋಗುತ್ತದೆ.

ಕಸಿ ಚಾಕುವಿನ ವಿಷಯ ಮಾತ್ರ ಬೇರೆ. ಇಳಿಜಾರಿನ ಬದಿಯನ್ನಷ್ಟೇ ಉಜ್ಜಿ. ಚಪ್ಪಟೆ ಬದಿಯನ್ನು 3000ದ ಮೇಲೆ ಪೂರ್ತಿ ಮಲಗಿಸಿ ಎರಡು ಸಲ ಎಳೆದರೆ ಆಯಿತು. ಆ ಕಡೆ ಕೋನ ಕೊಟ್ಟರೆ ಅದು ಕಸಿ ಚಾಕು ಆಗಿ ಉಳಿಯುವುದಿಲ್ಲ.